ಎಲೆಯೋ, ಶಿಲೀಂಧ್ರವೋ, ಬ್ಯಾಕ್ಟೀರಿಯಾವೋ? ಬೆಳ್ಳಿಯ ನ್ಯಾನೋಕಣಕ್ಕೆ ದಾರಿ ಆರಿಸುವ ಮುನ್ನ

ಸಿಲ್ವರ್ ನೈಟ್ರೇಟ್ ದ್ರಾವಣಕ್ಕೆ ಬೇವಿನ ಎಲೆಯ ಕಷಾಯ ಹಾಕಿ ಬಿಟ್ಟರೆ ತಿಳಿ ಹಳದಿ ನೀರು ಮೊದಲು ಬೆಲ್ಲದ ಪಾನಕದ ಬಣ್ಣಕ್ಕೆ, ಆಮೇಲೆ ಕಾಫಿ ಡಿಕಾಕ್ಷನ್ನಿನ ಬಣ್ಣಕ್ಕೆ ತಿರುಗುತ್ತದೆ. ಬ್ಯಾಕ್ಟೀರಿಯಾ ಕೊಲ್ಲಲು ಬಳಸುವ ಬೆಳ್ಳಿಯ ನ್ಯಾನೋಕಣಗಳು, ಅಂದರೆ ಕಣ್ಣಿಗೆ ಕಾಣದಷ್ಟು ಸಣ್ಣ ಬೆಳ್ಳಿಯ ಚೂರುಗಳು, ಆಗುತ್ತಿರುವ ಗುರುತು ಅದು. ಶಿಲೀಂಧ್ರವನ್ನು ನೆನೆಸಿ ಸೋಸಿದ ನೀರಿನಲ್ಲೂ, ಬ್ಯಾಕ್ಟೀರಿಯಾ ಬೆಳೆದ ಮಾಧ್ಯಮದಲ್ಲೂ (ಪೋಷಕ ದ್ರವದಲ್ಲೂ) ಕೊನೆಗೆ ಕಾಣುವುದು ಇದೇ ಕಂದು. ಬಣ್ಣ ಒಂದೇ ಆದ್ದರಿಂದ ಮೂರೂ ಒಂದೇ ಎಂದುಕೊಂಡು, ಕೈಗೆ ಸಿಕ್ಕ ಗಿಡವನ್ನೋ ಲ್ಯಾಬಿನಲ್ಲಿ ಆಗಲೇ ಇದ್ದ ಕಲ್ಚರನ್ನೋ (ಬೆಳೆಸಿಟ್ಟ ಸೂಕ್ಷ್ಮಜೀವಿಯನ್ನೋ) ಹಿಡಿದು ಕೆಲಸ ಶುರುಮಾಡುವುದು ರೂಢಿ. ಆರು ತಿಂಗಳ ನಂತರ ಕಾಡುವ ತೊಂದರೆಗಳ ಬೇರು ಬಹುತೇಕ ಅಲ್ಲೇ ಇರುತ್ತದೆ.

ಕಣದೊಳಗಿನ ಬೆಳ್ಳಿ ಮೂರು ದಾರಿಯಲ್ಲೂ ಒಂದೇ. ಬೇರೆಯಾಗುವುದು ಅದರ ಮೈಮೇಲಿನ ಹೊದಿಕೆ. ಜೊತೆಗೆ, ಸುತ್ತಲ ನೀರಿನಲ್ಲಿ ಉಳಿದುಕೊಂಡ ಬೆಳ್ಳಿ ಅಯಾನು (ಕಣವಾಗದೆ ನೀರಿನಲ್ಲಿ ಕರಗಿರುವ ಬೆಳ್ಳಿ), ಕ್ಲೋರೈಡ್, ಮಾಧ್ಯಮದ ಕಸ. ಬ್ಯಾಕ್ಟೀರಿಯಾ ಸಾಯುತ್ತದೋ ಇಲ್ಲವೋ, ಗಾಯದ ಸುತ್ತಲ ಚರ್ಮದ ಕೋಶ ಉಳಿಯುತ್ತದೋ ಇಲ್ಲವೋ ಎನ್ನುವುದೆಲ್ಲ ಇವುಗಳ ಮೇಲೆ ನಿಂತಿದೆ. ಹಾಗಾಗಿ ಕಣ ಕೊನೆಗೆ ಎಲ್ಲಿಗೆ ಹೋಗಬೇಕು ಎಂಬುದನ್ನು ಮೊದಲು ಗೊತ್ತುಮಾಡಿಕೊಳ್ಳಿ. ದಾರಿಯ ಆಯ್ಕೆ ಅಲ್ಲಿಂದ ಹಿಂದಕ್ಕೆ ಬರಬೇಕು.

ಎಲ್ಲದಕ್ಕೂ ಮೊದಲು ನೀರು

ಮೂರರಲ್ಲಿ ಯಾವ ದಾರಿ ಹಿಡಿದರೂ ಕೆಲಸ ಕೆಡಿಸುವ ಮೊದಲ ಶತ್ರು ಕ್ಲೋರೈಡ್. ಬೆಳ್ಳಿ ಅಯಾನು ಕ್ಲೋರೈಡನ್ನು ಕಂಡ ಕೂಡಲೇ ಸಿಲ್ವರ್ ಕ್ಲೋರೈಡ್ ಆಗಿ ಬಿಳಿಯಾಗಿ ಕೂರುತ್ತದೆ. ಸಾಮಾನ್ಯವಾಗಿ ಬಳಸುವ 1 ಮಿಲಿಮೋಲಾರ್ ಸಿಲ್ವರ್ ನೈಟ್ರೇಟ್ ಎಂದರೆ ಒಂದು ಲೀಟರಿಗೆ 0.17 ಗ್ರಾಂ ಅಷ್ಟೇ. ನಮ್ಮ ಕುಡಿಯುವ ನೀರಿನ ಮಾನಕ ಐಎಸ್ 10500 ಲೀಟರಿಗೆ 250 ಮಿ.ಗ್ರಾಂ. ಕ್ಲೋರೈಡನ್ನು ಒಪ್ಪುತ್ತದೆ, ಅದು ಸುಮಾರು 7 ಮಿಲಿಮೋಲಾರ್, ಅಂದರೆ ನಿಮ್ಮ ಬೆಳ್ಳಿಯ ಏಳು ಪಟ್ಟು. ಕುಡಿಯಲು ಯೋಗ್ಯವಾದ ನಲ್ಲಿ ನೀರೇ ಇಡೀ ಫ್ಲಾಸ್ಕನ್ನು ಹಾಳುಮಾಡಬಲ್ಲದು. ಬೋರ್‌ವೆಲ್ ನೀರಿನ ಮಾತು ಬೇಡವೇ ಬೇಡ.

ಪರೀಕ್ಷೆ ಸುಲಭ. ನಿಮ್ಮ ಡಿಸ್ಟಿಲ್ಡ್ ವಾಟರ್ 10 ಮಿ.ಲೀ. ತೆಗೆದುಕೊಂಡು ಸಿಲ್ವರ್ ನೈಟ್ರೇಟ್ ದ್ರಾವಣದ ನಾಲ್ಕು ಹನಿ ಬಿಡಿ. ಕಪ್ಪು ಕಾಗದದ ಮುಂದೆ ಹಿಡಿದು ನೋಡಿದಾಗ ತೆಳು ಹಾಲಿನ ಹಾಗೆ ಮಬ್ಬಾದರೆ ಆ ನೀರು ಬೇಡ. ಗಾಜಿನ ಪಾತ್ರೆಗಳನ್ನು ದುರ್ಬಲ ನೈಟ್ರಿಕ್ ಆಮ್ಲದಲ್ಲಿ ಅದ್ದಿ, ಡಿಸ್ಟಿಲ್ಡ್ ನೀರಿನಲ್ಲಿ ಮೂರು ಬಾರಿ ಜಾಲಿಸಿ. ಹಿಂದಿನ ಸಲದ ಬೆಳ್ಳಿಯ ಕಣ್ಣಿಗೆ ಕಾಣದ ಪದರ ಗಾಜಿನ ಗೋಡೆಗೆ ಅಂಟಿದ್ದರೆ, ಅದೇ ಬೀಜವಾಗಿ ಮುಂದಿನ ಬ್ಯಾಚಿನ ಕಣದ ಗಾತ್ರವನ್ನು ಬದಲಿಸುತ್ತದೆ. ಕೈಗವಸು ಮರೆಯಬೇಡಿ. ಸಿಲ್ವರ್ ನೈಟ್ರೇಟ್ ತಗುಲಿದ ಚರ್ಮ ಮೊದಲು ಏನೂ ತೋರಿಸದೆ, ಬೆಳಕಿಗೆ ಬಿದ್ದ ಮೇಲೆ ಕಪ್ಪಾಗುತ್ತದೆ, ದಿನಗಟ್ಟಲೆ ಹೋಗುವುದಿಲ್ಲ.

ಎಲೆಯ ಕಷಾಯ: ಬೇಗ, ಅಗ್ಗ, ಆದರೆ ಗಿಡ ಹೇಳಿದಂತೆ

ಬೇವಿನ ಎಲೆಯಿಂದ ಬೆಳ್ಳಿ, ಚಿನ್ನದ ನ್ಯಾನೋಕಣ ಮಾಡಿ ತೋರಿಸಿದ ಹೆಸರಾಂತ ಕೆಲಸ ಪುಣೆಯ ರಾಷ್ಟ್ರೀಯ ರಾಸಾಯನಿಕ ಪ್ರಯೋಗಾಲಯದ ಮುರಳಿ ಶಾಸ್ತ್ರಿ ಅವರ ತಂಡದ್ದು, 2004ರಲ್ಲಿ ಪ್ರಕಟವಾಯಿತು. ಆಮೇಲೆ ತುಳಸಿ, ಲೋಳೆಸರ, ನೆಲ್ಲಿ, ನುಗ್ಗೆ, ದಾಸವಾಳ, ಗೋರಂಟಿ ಎಂದು ಹಿತ್ತಲಿನ ಗಿಡವೊಂದನ್ನೂ ಬಿಟ್ಟಿಲ್ಲ. ಎಲೆಯಲ್ಲಿರುವ ಪಾಲಿಫಿನಾಲ್, ಫ್ಲೇವನಾಯ್ಡ್, ಸಕ್ಕರೆಗಳು ಬೆಳ್ಳಿ ಅಯಾನನ್ನು ಲೋಹದ ಬೆಳ್ಳಿಯಾಗಿ ಇಳಿಸುತ್ತವೆ, ಅವೇ ಕಣದ ಮೈಗೆ ಹತ್ತಿ ಹೊದಿಕೆಯೂ ಆಗುತ್ತವೆ. ಫಿನಾಲ್ ಹೆಚ್ಚಿರುವ ಯಾವ ಎಲೆಯಾದರೂ ಈ ಕೆಲಸ ಮಾಡುತ್ತದೆ. ಆದ್ದರಿಂದ "ಈ ಗಿಡದಿಂದ ಮೊದಲ ಬಾರಿಗೆ" ಎಂಬುದನ್ನೇ ಪ್ರಾಜೆಕ್ಟಿನ ಹೊಸತನ ಎಂದು ತೋರಿಸುವುದು ಇನ್ನು ಸಾಕು.

ಅಳತೆ ಹೀಗೆ. 10 ಗ್ರಾಂ ಹಸಿ ಎಲೆಯನ್ನು ನಲ್ಲಿ ನೀರಿನಲ್ಲಿ ತೊಳೆದು, ಡಿಸ್ಟಿಲ್ಡ್ ನೀರಿನಲ್ಲಿ ಎರಡು ಸಲ ಜಾಲಿಸಿ. ಚೂರು ಮಾಡಿ 100 ಮಿ.ಲೀ. ಡಿಸ್ಟಿಲ್ಡ್ ನೀರಿನಲ್ಲಿ 70–80 °ಸೆ.ನಲ್ಲಿ 15 ನಿಮಿಷ ಇಡಿ. ಆರಿದ ಮೇಲೆ ವಾಟ್‌ಮನ್ ನಂ. 1 ಕಾಗದದಲ್ಲಿ ಸೋಸಿ. ಈ ಕಷಾಯ 10 ಮಿ.ಲೀ., 1 ಮಿಲಿಮೋಲಾರ್ ಸಿಲ್ವರ್ ನೈಟ್ರೇಟ್ 90 ಮಿ.ಲೀ. ಬೆರೆಸಿ ಕಲಕುತ್ತಾ ಇರಿ. ಕಷಾಯವನ್ನು ಫ್ರಿಜ್ಜಿನಲ್ಲಿ ಎರಡು ದಿನಕ್ಕಿಂತ ಹೆಚ್ಚು ಇಡಬೇಡಿ: ಫಿನಾಲುಗಳು ಗಾಳಿಗೆ ಕಂದಾಗಿ ಶಕ್ತಿ ಕಳೆದುಕೊಳ್ಳುತ್ತವೆ, ಬೂಸ್ಟೂ ಹಿಡಿಯುತ್ತದೆ.

ಬಣ್ಣ ಬರದಿದ್ದರೆ ಮೊದಲು ಪಿಎಚ್ ನೋಡಿ. ನೆಲ್ಲಿಯಂಥ ಹುಳಿ ಕಷಾಯದಲ್ಲಿ ಪಿಎಚ್ 4ರ ಆಸುಪಾಸಿನಲ್ಲಿದ್ದರೆ ಕ್ರಿಯೆ ಆಮೆಯ ನಡಿಗೆಯಲ್ಲಿ ಸಾಗಿ ದೊಡ್ಡ, ಅಡ್ಡಾದಿಡ್ಡಿ ಕಣಗಳು ಬರುತ್ತವೆ. ಸೋಡಿಯಂ ಹೈಡ್ರಾಕ್ಸೈಡಿನ ದುರ್ಬಲ ದ್ರಾವಣವನ್ನು ಹನಿಹನಿಯಾಗಿ ಹಾಕಿ 8–9ಕ್ಕೆ ತಂದರೆ ಬೇಗ ಆಗುತ್ತದೆ, ಕಣವೂ ಸಣ್ಣದಾಗುತ್ತದೆ. ಅದನ್ನೂ ಮೀರಿ ಕ್ಷಾರ ಸುರಿದರೆ ಕಂದು-ಕಪ್ಪು ಸಿಲ್ವರ್ ಆಕ್ಸೈಡ್ ಕೂರುತ್ತದೆ. ಅದನ್ನು ಕಂಡು ನ್ಯಾನೋಕಣ ಬಂತೆಂದು ನಂಬಬೇಡಿ.

ಎಲೆಯ ದಾರಿಯ ನಿಜವಾದ ದೌರ್ಬಲ್ಯ ಬೇರೆ. ಯುಗಾದಿ ಹೊತ್ತಿನ ಕೆಂಪು ಚಿಗುರು ಬೇವು, ಆಷಾಢದ ಬಲಿತ ಬೇವು ಒಂದೇ ಮರದ್ದಾದರೂ ಒಂದೇ ಕಷಾಯ ಕೊಡುವುದಿಲ್ಲ. ಮಣ್ಣು, ಮಳೆ, ಎಲೆಯ ವಯಸ್ಸು ಎಲ್ಲವೂ ಫಿನಾಲಿನ ಪ್ರಮಾಣವನ್ನು ಏರುಪೇರು ಮಾಡುತ್ತವೆ. ಮಾರ್ಚಿನಲ್ಲಿ ಬಂದ ಗಾತ್ರ ಜುಲೈಯಲ್ಲಿ ಬರುವುದಿಲ್ಲ, ವಿದ್ಯಾರ್ಥಿ ತನ್ನ ಕೈಯನ್ನೇ ಶಂಕಿಸುತ್ತಾನೆ. ಪರಿಹಾರ: ಇಡೀ ಪ್ರಾಜೆಕ್ಟಿಗೆ ಬೇಕಾಗುವಷ್ಟು ಎಲೆಯನ್ನು ಒಂದೇ ದಿನ ಒಂದೇ ಮರದಿಂದ ಕೊಯ್ದು, ನೆರಳಿನಲ್ಲಿ ಒಣಗಿಸಿ, ಪುಡಿಮಾಡಿ, ಗಾಳಿಯಾಡದ ಡಬ್ಬಿಯಲ್ಲಿ ಇಟ್ಟುಕೊಳ್ಳುವುದು. ಆಗ 100 ಮಿ.ಲೀ.ಗೆ 2ರಿಂದ 5 ಗ್ರಾಂ ಪುಡಿ ಸಾಕು. ಬೆಳಕನ್ನೂ ಒಂದೇ ಥರ ಇಡಿ. ಕಿಟಕಿಯ ಪಕ್ಕದ ಫ್ಲಾಸ್ಕು ಬಿಸಿಲಿಗೇ ಬೇಗ ಬಣ್ಣ ತಿರುಗುತ್ತದೆ. ಒಂದು ಫ್ಲಾಸ್ಕಿಗೆ ಫಾಯಿಲ್ ಸುತ್ತಿ ಕತ್ತಲಲ್ಲಿ ಇಟ್ಟು ಹೋಲಿಸಿ ನೋಡಿ.

ಶಿಲೀಂಧ್ರ: ನಿಧಾನ, ಆದರೆ ಗಟ್ಟಿ ಹೊದಿಕೆ

2003ರಲ್ಲಿ ಪುಣೆಯ ಅದೇ ಪ್ರಯೋಗಾಲಯದಿಂದ ಬಂದ ಫ್ಯುಸೇರಿಯಂ ಆಕ್ಸಿಸ್ಪೋರಂ ಎಂಬ ಶಿಲೀಂಧ್ರದ ಕೆಲಸ ಈ ದಾರಿಯನ್ನು ಜನಪ್ರಿಯ ಮಾಡಿತು. ಅದಕ್ಕೂ ಮುಂಚೆ ವರ್ಟಿಸಿಲಿಯಂ ಎಂಬ ಇನ್ನೊಂದು ಶಿಲೀಂಧ್ರದಲ್ಲಿ ಕಣಗಳು ಕೋಶದ ಒಳಗೇ ಉಳಿಯುತ್ತಿದ್ದವು, ಕೋಶ ಒಡೆದು ತೆಗೆಯಬೇಕಿತ್ತು. ಫ್ಯುಸೇರಿಯಂ ತನ್ನ ಪ್ರೋಟೀನುಗಳನ್ನು ಹೊರಗೆ ಬಿಡುವುದರಿಂದ ಕಣ ನೀರಿನಲ್ಲೇ ಆಗುತ್ತದೆ.

ಕೆಲಸಕ್ಕೆ ಏಳರಿಂದ ಹತ್ತು ದಿನ ಹಿಡಿಯುತ್ತದೆ. ದ್ರವ ಮಾಧ್ಯಮದಲ್ಲಿ 28 °ಸೆ.ನಲ್ಲಿ ಅಲುಗಾಡಿಸುತ್ತಾ ಮೂರು ನಾಲ್ಕು ದಿನ ಬೆಳೆಸಿ, ಶಿಲೀಂಧ್ರದ ಹತ್ತಿಯಂಥ ಮುದ್ದೆಯನ್ನು ಸೋಸಿ ತೆಗೆಯಿರಿ. ಇನ್ನು ಬರುವ ಹಂತದಲ್ಲೇ ಹೆಚ್ಚಿನವರು ಆತುರ ಮಾಡುವುದು: ಮುದ್ದೆಯನ್ನು ಕ್ರಿಮಿರಹಿತ ಡಿಸ್ಟಿಲ್ಡ್ ನೀರಿನಲ್ಲಿ ನಾಲ್ಕು ಸಲ ತೊಳೆಯಬೇಕು. ಮಾಧ್ಯಮದ ಗ್ಲೂಕೋಸ್ ಉಳಿದರೆ ಅದೇ ಬೆಳ್ಳಿಯನ್ನು ಇಳಿಸುತ್ತದೆ, ಪೆಪ್ಟೋನ್ (ಮಾಧ್ಯಮಕ್ಕೆ ಹಾಕುವ ಪ್ರೋಟೀನಿನ ಚೂರು) ಉಳಿದರೆ ಅದೇ ಹೊದಿಕೆಯಾಗುತ್ತದೆ. ಶಿಲೀಂಧ್ರ ಮಾಡಿದ್ದೇನು ಎಂದು ಹೇಳಲು ನಿಮ್ಮ ಬಳಿ ಏನೂ ಇರುವುದಿಲ್ಲ. ತೊಳೆದ ಹಸಿ ಮುದ್ದೆ 10 ಗ್ರಾಂ, ಕ್ರಿಮಿರಹಿತ ನೀರು 100 ಮಿ.ಲೀ., 72 ಗಂಟೆ ಬಿಟ್ಟು ಸೋಸಿ. ಆ ನೀರಿಗೆ ಕೊನೆಯ ಸಾಂದ್ರತೆ 1 ಮಿಲಿಮೋಲಾರ್ ಆಗುವಂತೆ ಸಿಲ್ವರ್ ನೈಟ್ರೇಟ್ ಸೇರಿಸಿ ಕತ್ತಲಲ್ಲಿ ಇಡಿ. ಬಣ್ಣ ಪೂರ್ತಿ ಬರಲು 24ರಿಂದ 72 ಗಂಟೆ.

ಇಷ್ಟು ಕಾದದ್ದಕ್ಕೆ ಸಿಗುವ ಫಲ ಪ್ರೋಟೀನಿನ ಹೊದಿಕೆ. 0.9% ಉಪ್ಪು ನೀರಿಗೆ ಈ ಕಣವನ್ನೂ, ಸಿಟ್ರೇಟ್ ಎಂಬ ರಾಸಾಯನಿಕದಿಂದ ಮಾಡಿದ ಕಣವನ್ನೂ (ಆ ವಿಧಾನ ಮುಂದೆ ಇದೆ) ಹಾಕಿ ನೋಡಿ: ಸಿಟ್ರೇಟಿನಿಂದ ಮಾಡಿದ್ದು ಕೆಲವೇ ನಿಮಿಷದಲ್ಲಿ ಹಳದಿ ಕಳೆದುಕೊಂಡು ಬೂದಿ ಬಣ್ಣಕ್ಕೆ ಹೋಗುತ್ತದೆ, ಚೆನ್ನಾಗಿ ಪ್ರೋಟೀನ್ ಹೊದ್ದದ್ದು ಬಣ್ಣ ಉಳಿಸಿಕೊಳ್ಳುತ್ತದೆ. ಗಾಯದ ರಸದಲ್ಲೂ ಬೆವರಿನಲ್ಲೂ ಉಪ್ಪಿರುವುದರಿಂದ ಈ ಒಂದು ಪರೀಕ್ಷೆ ಬಹಳಷ್ಟು ಹೇಳುತ್ತದೆ.

ಎಚ್ಚರಿಕೆ ಎರಡು. ಫ್ಯುಸೇರಿಯಂ ಆಕ್ಸಿಸ್ಪೋರಂ ಬಾಳೆ, ಕಡಲೆಯ ಸೊರಗು ರೋಗದ ಶಿಲೀಂಧ್ರ. ಮುದ್ದೆ, ಮಾಧ್ಯಮ, ಸೋಸಿದ ಕಾಗದ ಎಲ್ಲವೂ 121 °ಸೆ.ನಲ್ಲಿ ಅರ್ಧ ಗಂಟೆ ಆಟೋಕ್ಲೇವ್ ಆಗಿಯೇ (ಒತ್ತಡದ ಹಬೆಯಲ್ಲಿ ಬೆಂದೇ) ಹೊರಬೀಳಬೇಕು. ಇನ್ನೊಂದು, ಈ ಕುಲದ ಕೆಲವು ತಳಿಗಳು ವಿಷಗಳನ್ನೂ ಬಿಡುತ್ತವೆ, ಅವು ಹೊದಿಕೆಯಲ್ಲಿ ಬರಬಹುದು. ಹೊಲಕ್ಕೆ ಸಂಬಂಧಿಸಿದ ಕೆಲಸವಾದರೆ ಟ್ರೈಕೋಡರ್ಮಾ ಒಳ್ಳೆಯದು. ರೈತರು ಜೈವಿಕ ನಿಯಂತ್ರಣಕ್ಕೆ ಈಗಾಗಲೇ ಬಳಸುತ್ತಿರುವ ಶಿಲೀಂಧ್ರ ಅದು. ಕಲ್ಚರನ್ನು ಮೇಲಿಂದ ಮೇಲೆ ಹೊಸ ತಟ್ಟೆಗೆ ದಾಟಿಸುತ್ತಾ ಹೋದರೆ ಶಕ್ತಿ ಕುಂದಬಹುದು, ಮೊದಲ ವಾರವೇ ಗ್ಲಿಸರಾಲ್ ಸ್ಟಾಕ್ (ಗ್ಲಿಸರಾಲ್ ಬೆರೆಸಿ ಹೆಪ್ಪುಗಟ್ಟಿಸಿದ ಕಲ್ಚರ್) ಮಾಡಿಡಿ.

ಬ್ಯಾಕ್ಟೀರಿಯಾ: ಮೋಸ ಹೋಗುವ ಅವಕಾಶ ಇಲ್ಲೇ ಹೆಚ್ಚು

ಬೆಳ್ಳಿ ಗಣಿಯಿಂದ ಪಡೆದ ಸ್ಯೂಡೊಮೊನಾಸ್ ಸ್ಟಟ್ಜೆರಿ ಎಜಿ259 ತನ್ನ ಕೋಶದೊಳಗೆ 200 ನ್ಯಾನೋಮೀಟರ್ ವರೆಗಿನ ಬೆಳ್ಳಿ ಹರಳು ಕಟ್ಟುತ್ತದೆ ಎಂದು 1999ರಲ್ಲಿ ತೋರಿಸಿದರು. ಈಗ ಹೆಚ್ಚಾಗಿ ಬಳಸುವುದು ಬ್ಯಾಸಿಲಸ್‌ನಂಥವುಗಳ ಕಲ್ಚರಿನಿಂದ ಕೋಶ ತೆಗೆದ ಮೇಲಿನ ತಿಳಿ. 24 ಗಂಟೆ ಬೆಳೆಸಿ, 8,000 ಆರ್‌ಪಿಎಂನಲ್ಲಿ ಹತ್ತು ನಿಮಿಷ ತಿರುಗಿಸಿ, ತಿಳಿಯನ್ನು 0.22 ಮೈಕ್ರಾನ್ ಫಿಲ್ಟರಿನಲ್ಲಿ ಹಾಯಿಸಿ ಸಿಲ್ವರ್ ನೈಟ್ರೇಟ್ ಬೆರೆಸುತ್ತಾರೆ.

ಹಾಗೆ ಬೆರೆಸಿದ ಕ್ಷಣ ಹಾಲಿನಂತೆ ಆಗುತ್ತದಲ್ಲ, ಅದಕ್ಕೆ ಕಾರಣ ಮಾಧ್ಯಮದ ಉಪ್ಪು. ನ್ಯೂಟ್ರಿಯೆಂಟ್ ಬ್ರಾತ್ ಎಂಬ ಮಾಧ್ಯಮದಲ್ಲಿ ಲೀಟರಿಗೆ 5 ಗ್ರಾಂ ಸೋಡಿಯಂ ಕ್ಲೋರೈಡ್ ಇದೆ, ಸುಮಾರು 85 ಮಿಲಿಮೋಲಾರ್. ಎಲ್‌ಬಿ ಮಿಲ್ಲರ್ ಮಾಧ್ಯಮದಲ್ಲಿ ಅದರ ಎರಡು ಪಟ್ಟು. ಆ ಬಿಳಿ ಕೆಸರು ಬೆಳಕಿಗೆ ನೇರಳೆ-ಬೂದಿಯಾಗಿ ಆಮೇಲೆ ಕಂದಾಗುತ್ತದೆ, "ಬಣ್ಣ ಬಂತು" ಎಂದು ನೋಟ್‌ಬುಕ್ಕಿನಲ್ಲಿ ಬರೆಯಲಾಗುತ್ತದೆ. ಉಪ್ಪಿಲ್ಲದ ಮಾಧ್ಯಮವನ್ನು ನೀವೇ ತಯಾರಿಸಿಕೊಳ್ಳಿ, ಇಲ್ಲವೇ ಕೋಶಗಳನ್ನು ತೊಳೆದು ಶಿಲೀಂಧ್ರಕ್ಕೆ ಮಾಡಿದ ಹಾಗೆ ಬರೀ ನೀರಿನಲ್ಲಿ ನೆನೆಸಿ.

ಇಲ್ಲಿ ಬಿಡಲೇಬಾರದ ಕಂಟ್ರೋಲ್ (ಹೋಲಿಕೆಯ ಫ್ಲಾಸ್ಕು) ಒಂದಿದೆ: ಬ್ಯಾಕ್ಟೀರಿಯಾ ಹಾಕದ ಅದೇ ಮಾಧ್ಯಮ, ಅದೇ ಶೇಕರಿನಲ್ಲಿ 24 ಗಂಟೆ, ಅದೇ ಸಿಲ್ವರ್ ನೈಟ್ರೇಟ್. ಯೀಸ್ಟ್ ಎಕ್ಸ್‌ಟ್ರಾಕ್ಟ್, ಪೆಪ್ಟೋನ್ ಎರಡೂ ಬೆಳಕಿನಲ್ಲಿ ಬೆಳ್ಳಿಯನ್ನು ತಾವೇ ಇಳಿಸಬಲ್ಲವು. ಆ ಫ್ಲಾಸ್ಕೂ ಕಂದಾದರೆ ನಿಮ್ಮ ಬ್ಯಾಕ್ಟೀರಿಯಾಕ್ಕೆ ಶ್ರೇಯ ಕೊಡುವಂತಿಲ್ಲ. ಈ ದಾರಿ ಯಾರಿಗೆ ಎಂದರೆ ನೈಟ್ರೇಟ್ ರಿಡಕ್ಟೇಸ್‌ನಂಥ ಕಿಣ್ವಗಳನ್ನು, ಜೀನುಗಳನ್ನು ಅಧ್ಯಯನ ಮಾಡುವವರಿಗೆ. ಬರೀ ಕಣ ಬೇಕಾದವರು ಇಷ್ಟು ಸುತ್ತು ಬಳಸಬೇಕಿಲ್ಲ.

ಯಾವ ದಾರಿ ಹಿಡಿದರೂ ಪಕ್ಕದಲ್ಲಿ ಸಿಟ್ರೇಟಿನಿಂದ ಮಾಡಿದ ಒಂದು ಬ್ಯಾಚ್ ಇರಲಿ. ಕುದಿಯುವ 1 ಮಿಲಿಮೋಲಾರ್ ಸಿಲ್ವರ್ ನೈಟ್ರೇಟಿಗೆ 1% ಟ್ರೈಸೋಡಿಯಂ ಸಿಟ್ರೇಟ್ ಹಾಕಿ ಕುದಿಸುವ ಈ ವಿಧಾನ 1982ರಿಂದ ಚಾಲ್ತಿಯಲ್ಲಿದೆ. ಅದರ ಪಕ್ಕದಲ್ಲಿ ಇಡದೆ "ಜೈವಿಕ ವಿಧಾನವೇ ಮೇಲು" ಎಂದು ಬರೆಯಲು ಆಧಾರವಿಲ್ಲ.

ಬಂದದ್ದು ಬೆಳ್ಳಿಯೇ, ಎಷ್ಟು?

ಯುವಿ-ವಿಸಿಬಲ್‌ನಲ್ಲಿ (ದ್ರಾವಣ ಯಾವ ಬೆಳಕನ್ನು ಎಷ್ಟು ಹೀರುತ್ತದೆ ಎಂದು ಅಳೆಯುವ ಯಂತ್ರದಲ್ಲಿ) 400–450 ನ್ಯಾನೋಮೀಟರಿನ ನಡುವೆ ಒಂದು ಗುಡ್ಡ ಕಾಣಬೇಕು. ಅಬ್ಸಾರ್ಬೆನ್ಸ್ (ಹೀರಿಕೆ) 1ಕ್ಕಿಂತ ಕೆಳಗೆ ಬರುವಷ್ಟು ತೆಳು ಮಾಡಿ, ಅಷ್ಟೇ ತೆಳು ಮಾಡಿದ ಕಷಾಯವನ್ನು ಹೋಲಿಕೆಗೆ ಬ್ಲಾಂಕ್ ಆಗಿ ಇಡಿ. ಗುಡ್ಡ ಅಗಲವಾಗಿ 500ರ ಆಚೆಗೆ ಬಾಲ ಚಾಚಿದ್ದರೆ ಕಣಗಳು ಒಂದಕ್ಕೊಂದು ಅಂಟಿವೆ.

ಹರಳನ್ನು ಗುರುತಿಸುವ ಎಕ್ಸ್-ಕಿರಣ ಪರೀಕ್ಷೆಯಾದ ಎಕ್ಸ್‌ಆರ್‌ಡಿ ಚಿತ್ರದಲ್ಲಿ (ತಾಮ್ರದ ಕಿರಣಕ್ಕೆ) ಬೆಳ್ಳಿಯ ಗೆರೆಗಳು 38.1, 44.3, 64.4, 77.4 ಡಿಗ್ರಿಯಲ್ಲಿ ಬರುತ್ತವೆ. ಅದರ ಜೊತೆ 27.8, 32.2, 46.2ರಲ್ಲೂ ಗೆರೆಗಳಿದ್ದರೆ ಅದು ಸಿಲ್ವರ್ ಕ್ಲೋರೈಡ್. ಪ್ರಕಟವಾದ ಎಷ್ಟೋ ಬರಹಗಳಲ್ಲಿ ಈ 32 ಡಿಗ್ರಿಯ ಗೆರೆಗೆ "ಸಸ್ಯಜನ್ಯ ಸಾವಯವ ವಸ್ತು" ಎಂದು ಹೆಸರಿಟ್ಟು ಮುಂದೆ ಹೋಗಿದ್ದಾರೆ. ಎಲೆಯಲ್ಲೂ ಕ್ಲೋರೈಡ್ ಇರುತ್ತದೆ, ಅದನ್ನು ಒಪ್ಪಿಕೊಂಡು ಬರೆಯುವುದರಲ್ಲಿ ನಷ್ಟವಿಲ್ಲ. ಎಫ್‌ಟಿಐಆರ್ ಎಂಬ ಅವಕೆಂಪು ಬೆಳಕಿನ ಪರೀಕ್ಷೆಯಲ್ಲಿ 3400, 1640ರ ಹತ್ತಿರ ಬರುವ ಪಟ್ಟಿಗಳು ಯಾವ ಎಲೆಯಲ್ಲಾದರೂ ಬರುತ್ತವೆ. ಅವುಗಳ ಮೇಲೆ ದೊಡ್ಡ ಕಥೆ ಕಟ್ಟಬೇಡಿ.

ಅಯಾನು ತೊಳೆಯುವುದು ಈ ಇಡೀ ಕೆಲಸದ ಜೀವಾಳ. 15,000 ಜಿಯಲ್ಲಿ (ಗುರುತ್ವದ 15,000 ಪಟ್ಟು ಬಲದಲ್ಲಿ) 20 ನಿಮಿಷ ತಿರುಗಿಸಿ, ತಿಳಿ ಚೆಲ್ಲಿ, ಡಿಸ್ಟಿಲ್ಡ್ ನೀರಿನಲ್ಲಿ ಕದಡಿ, ಹೀಗೆ ಮೂರು ಸಲ. ಆರ್‌ಪಿಎಂ ಬರೆಯದೆ ಜಿ ಬರೆಯಿರಿ, ರೋಟರ್ ಬದಲಾದರೆ ಆರ್‌ಪಿಎಂಗೆ ಅರ್ಥವಿಲ್ಲ. ಕೊನೆಯ ತೊಳೆತದ ತಿಳಿಯಿಂದ ಸ್ವಲ್ಪ ಬೇರೆ ತೆಗೆದು ಅದಕ್ಕೆ ಒಂದು ಹನಿ ಉಪ್ಪು ನೀರು ಬಿಡಿ: ಮಬ್ಬಾದರೆ ಇನ್ನೂ ತೊಳೆಯಬೇಕು. ಕೊನೆಯ ತೊಳೆತದ ಉಳಿದ ತಿಳಿಯನ್ನು ಮಾತ್ರ ಚೆಲ್ಲಬೇಡಿ, ಮುಂದೆ ಬೇಕಾಗುತ್ತದೆ. ಪೆಲೆಟ್ಟನ್ನು (ತಳದಲ್ಲಿ ಕೂತ ಕಣದ ಮುದ್ದೆಯನ್ನು) ಅವನ್‌ನಲ್ಲಿ ಒಣಗಿಸಿದರೆ ಹೊಳೆಯುವ ಚಕ್ಕೆಯಾಗಿ ಕೂತು ಮತ್ತೆ ನೀರಿನಲ್ಲಿ ಬಿಡಿಯಾಗುವುದಿಲ್ಲ. ಒದ್ದೆಯಾಗಿಯೇ ಇಟ್ಟುಕೊಳ್ಳಿ, ಇಲ್ಲವೇ ಫ್ರೀಜ್ ಡ್ರೈ ಮಾಡಿ.

ಬೆಳ್ಳಿಯ ಪ್ರಮಾಣವನ್ನು ಲೋಹ ಅಳೆಯುವ ಯಂತ್ರಗಳಾದ ಅಟಾಮಿಕ್ ಅಬ್ಸಾರ್ಪ್ಷನ್ ಅಥವಾ ಐಸಿಪಿಯಲ್ಲಿ ಅಳೆಸಿ. ಒಣ ತೂಕವನ್ನೇ ಬೆಳ್ಳಿ ಎಂದು ಲೆಕ್ಕ ಹಾಕಿದರೆ ಹೊದಿಕೆಯ ತೂಕವೂ ಸೇರಿಬಿಡುತ್ತದೆ. ಕೈಯಲ್ಲೇ ಮಾಡಬಹುದಾದ ತಾಳೆ ಒಂದಿದೆ: 1 ಮಿಲಿಮೋಲಾರ್ ದ್ರಾವಣದ ಪ್ರತಿ ಮಿ.ಲೀ.ಯಲ್ಲಿ ಇರುವ ಬೆಳ್ಳಿ 108 ಮೈಕ್ರೋಗ್ರಾಂ. 9:1ರಲ್ಲಿ ಬೆರೆಸಿದರೆ 97. ಅಷ್ಟೂ ಬೆಳ್ಳಿ ಕಣವಾದರೂ ಅದಕ್ಕಿಂತ ಹೆಚ್ಚಾಗದು; ಸಾಂದ್ರ ಮಾಡದ ಸ್ಟಾಕಿಗೆ 500 ಎಂದು ಬರೆದಿದ್ದರೆ ಎಲ್ಲೋ ಲೆಕ್ಕ ತಪ್ಪಿದೆ.

ಕೊಲ್ಲುವ ಶಕ್ತಿ: ಅಗಾರಿನ ಕುಳಿಯೋ, 96 ಕುಳಿಯ ತಟ್ಟೆಯೋ

ಬ್ಯಾಕ್ಟೀರಿಯಾ ಬೆಳೆಸುವ ಜೆಲ್ಲಿಯಂಥ ಅಗಾರಿನಲ್ಲಿ ಕುಳಿ ಕೊರೆದು, ಮಾದರಿ ತುಂಬಿ, ಸುತ್ತಲಿನ ಬೆಳವಣಿಗೆ ಇಲ್ಲದ ವೃತ್ತವನ್ನು ಸ್ಕೇಲಿನಿಂದ ಅಳೆಯುವುದು ಎಲ್ಲರೂ ಮಾಡುವ ಪರೀಕ್ಷೆ. ಫೋಟೋ ಚೆನ್ನಾಗಿ ಬರುತ್ತದೆ. ಆದರೆ ಅಗಾರಿನ ಜಾಲದಲ್ಲಿ ಅಯಾನು ಸುಲಭವಾಗಿ ಹರಿಯುತ್ತದೆ, ಕಣ ಹರಿಯುವುದಿಲ್ಲ. ಸರಿಯಾಗಿ ತೊಳೆಯದ ಮಾದರಿ ದೊಡ್ಡ ವೃತ್ತ ಕೊಡುತ್ತದೆ, ಚೆನ್ನಾಗಿ ತೊಳೆದದ್ದು ಸಣ್ಣದು. ಎರಡು ಗಿಡದ ಕಣಗಳನ್ನು ಮಿಲಿಮೀಟರಿನಲ್ಲಿ ಹೋಲಿಸಿ ತೀರ್ಪು ಕೊಡುವುದು ಹಾಗಾಗಿ ಸರಿಯಲ್ಲ. ಇದೆಯೋ ಇಲ್ಲವೋ ಎಂದು ನೋಡಲು ಮಾತ್ರ ಬಳಸಿ.

ತೀರ್ಪಿಗೆ ಬೇಕಾದದ್ದು ಎಂಐಸಿ, ಬೆಳವಣಿಗೆ ತಡೆಯುವ ಕನಿಷ್ಠ ಪ್ರಮಾಣ. 96 ಕುಳಿಯ ತಟ್ಟೆಯಲ್ಲಿ ಮ್ಯೂಲರ್-ಹಿಂಟನ್ ಬ್ರಾತಿನಲ್ಲಿ ಎರಡೆರಡು ಪಟ್ಟು ತೆಳು ಮಾಡುತ್ತಾ ಹೋಗಿ, ಪ್ರತಿ ಮಿ.ಲೀ.ಗೆ 5 ಲಕ್ಷ ಜೀವಕೋಶ ಇರುವಂತೆ ಬ್ಯಾಕ್ಟೀರಿಯಾ ಹಾಕಿ, 35 °ಸೆ.ನಲ್ಲಿ 16–20 ಗಂಟೆ. ತಳಿಗಳು ಎಲ್ಲರಿಗೂ ಸಿಗುವಂಥವಾಗಿರಲಿ: (ಎಟಿಸಿಸಿ ಎಂದರೆ ಅಮೆರಿಕದ ತಳಿ ಸಂಗ್ರಹ) ಇ. ಕೋಲಿ ಎಟಿಸಿಸಿ 25922, ಸ್ಟಫಿಲೊಕಾಕಸ್ ಆರಿಯಸ್ ಎಟಿಸಿಸಿ 29213, ಸ್ಯೂಡೊಮೊನಾಸ್ ಎರುಜಿನೋಸಾ ಎಟಿಸಿಸಿ 27853. ಕಣದ ಕಂದು ಬಣ್ಣವೇ ಕಲಕಿದಂತೆ ಕಾಣುವುದರಿಂದ ಕಣ್ಣಿನಲ್ಲಿ ಓದುವುದು ಕಷ್ಟ. ರೆಸಜುರಿನ್ ಎಂಬ ಬಣ್ಣ ಹಾಕಿದರೆ ಬ್ಯಾಕ್ಟೀರಿಯಾ ಬದುಕಿದ ಕುಳಿ ನೀಲಿಯಿಂದ ಗುಲಾಬಿಗೆ ಹೋಗುತ್ತದೆ. ಎಲೆಯ ಫಿನಾಲೂ ರೆಸಜುರಿನ್ ಬಣ್ಣ ತಿರುಗಿಸಬಲ್ಲದು, ಆದ್ದರಿಂದ ಬ್ಯಾಕ್ಟೀರಿಯಾ ಇಲ್ಲದೆ ಬರೀ ಕಣ ಇರುವ ಸಾಲೊಂದು ಬೇಕೇ ಬೇಕು.

ಅದೇ ತಟ್ಟೆಯಲ್ಲಿ ಬರೀ ಕಷಾಯ, ಅಷ್ಟೇ ಬೆಳ್ಳಿ ಇರುವ ಸಿಲ್ವರ್ ನೈಟ್ರೇಟ್, ಎತ್ತಿಟ್ಟ ಕೊನೆಯ ತೊಳೆತದ ತಿಳಿ, ಸಿಟ್ರೇಟ್ ಕಣ, ಇವಿಷ್ಟೂ ಇರಲಿ. ಆಮ್ಲಜನಕವಿಲ್ಲದ ವಾತಾವರಣದಲ್ಲಿ ಬೆಳ್ಳಿ ಕಣಗಳು ಇ. ಕೋಲಿಯನ್ನು ಕೊಲ್ಲುವುದಿಲ್ಲ, ಕೊಲ್ಲುವುದು ಅವು ಬಿಡುವ ಅಯಾನು ಎಂದು 2012ರಲ್ಲಿ ಪ್ರಕಟವಾದ ಅಧ್ಯಯನವೊಂದು ತೋರಿಸಿತು. ಕಣವನ್ನು ಅಯಾನಿನ ಉಗ್ರಾಣ ಎಂದು ನೋಡಿದರೆ ನಿಮ್ಮ ಅಂಕಿಗಳು ಹೆಚ್ಚು ಅರ್ಥವಾಗುತ್ತವೆ. ಎಷ್ಟು ಹೊತ್ತಿನಲ್ಲಿ ಕೊಲ್ಲುತ್ತದೆ ಎಂದು ನೋಡುವಾಗ ತಟ್ಟೆಗೆ ಹಾಕುವ ಮುನ್ನ ಸೋಡಿಯಂ ಥಯೋಗ್ಲೈಕೊಲೇಟಿನಿಂದ ಬೆಳ್ಳಿಯನ್ನು ನಿಷ್ಕ್ರಿಯ ಮಾಡಿ. ಇಲ್ಲದಿದ್ದರೆ ಬದುಕಿದ್ದ ಬ್ಯಾಕ್ಟೀರಿಯಾ ತಟ್ಟೆಯ ಮೇಲೆ ಸಾಯುತ್ತದೆ.

ಎಲ್ಲಿಗೆ ಯಾವುದು

ಹತ್ತಿ ಬಟ್ಟೆಗೆ ಎಲೆಯ ದಾರಿ ಸಾಕು. ಕೈಟೋಸಾನ್‌ನಂಥ ಅಂಟು ಇಲ್ಲದೆ ಅದ್ದಿ ಒಣಗಿಸಿದರೆ ಕೆಲವು ತೊಳೆತಕ್ಕೇ ಹೋಗುತ್ತದೆ. ಬಿಳಿ ಬಟ್ಟೆ ಹಳದಿಯಾಗುತ್ತದೆ, ಅದನ್ನು ಗಿರಾಕಿಗೆ ಮೊದಲೇ ಹೇಳಿ.

ಗಾಯದ ಪಟ್ಟಿಗೆ ಶಿಲೀಂಧ್ರದ ಗಟ್ಟಿ ಹೊದಿಕೆ ಆಸೆ ಹುಟ್ಟಿಸುತ್ತದೆ, ಆದರೆ ಅನ್ಯ ಪ್ರೋಟೀನು ಗಾಯಕ್ಕೆ ಹೋಗುವುದು ಚಿಂತೆಯ ವಿಷಯ. ಗ್ರಾಂ-ನೆಗೆಟಿವ್ ಬ್ಯಾಕ್ಟೀರಿಯಾದಿಂದ ಮಾಡಿದ್ದಂತೂ ಎಂಡೋಟಾಕ್ಸಿನ್ (ಅವುಗಳ ಕೋಶದ ಹೊರಪದರದ ವಿಷ) ಕಾರಣಕ್ಕೆ ಬೇಡ. ಹೆಸರು ಗೊತ್ತಿರುವ, ವಿಷವಿಲ್ಲದ ಗಿಡ ಅಥವಾ ಸಿಟ್ರೇಟ್ ಹಿಡಿದು, ಎಂಐಸಿ ಪ್ರಮಾಣದಲ್ಲಿ ಮನುಷ್ಯ ಚರ್ಮದ ಫೈಬ್ರೋಬ್ಲಾಸ್ಟ್ ಕೋಶ ಬದುಕುತ್ತದೆಯೇ ಎಂದು ಮೊದಲು ನೋಡಿ. 1968ರಿಂದ ಸುಟ್ಟ ಗಾಯಕ್ಕೆ ಬಳಕೆಯಲ್ಲಿರುವ 1% ಸಿಲ್ವರ್ ಸಲ್ಫಡಯಾಜಿನ್ ಮುಲಾಮಿನ ಜೊತೆ ಹೋಲಿಸಿ. ಬೆಳ್ಳಿಗೆ ಬ್ಯಾಕ್ಟೀರಿಯಾ ಒಗ್ಗಿಕೊಳ್ಳುವುದಿಲ್ಲ ಎಂಬ ಮಾತು ತಪ್ಪು: 1975ರಲ್ಲೇ ಅಮೆರಿಕದ ಸುಟ್ಟಗಾಯದ ವಾರ್ಡೊಂದರಲ್ಲಿ ಬೆಳ್ಳಿಗೆ ಜಗ್ಗದ ಸಾಲ್ಮೊನೆಲ್ಲಾ ವರದಿಯಾಗಿತ್ತು.

ನೀರಿನ ಫಿಲ್ಟರಿಗೆ ಕಣ ಹೊರಬರಬಾರದು, ಅಯಾನು ಮಾತ್ರ ಲೆಕ್ಕದಲ್ಲಿ ಬರಬೇಕು. ಐಎಸ್ 10500ರ ಮಿತಿ ಲೀಟರಿಗೆ 0.1 ಮಿ.ಗ್ರಾಂ. ಬೆಳ್ಳಿ. ಐಐಟಿ ಮದ್ರಾಸಿನ ಟಿ. ಪ್ರದೀಪ್ ಅವರ ತಂಡ 2013ರಲ್ಲಿ ತೋರಿಸಿದ ಹರಳು ತನ್ನ ಕೈಟೋಸಾನ್ ಮತ್ತು ಅಲ್ಯೂಮಿನಿಯಂ ಆಕ್ಸಿಹೈಡ್ರಾಕ್ಸೈಡಿನ ಪಂಜರದಲ್ಲಿ ಬೆಳ್ಳಿ ಕಣವನ್ನು ಹಿಡಿದಿಟ್ಟು, ಲೀಟರಿಗೆ ಸುಮಾರು 40 ಮೈಕ್ರೋಗ್ರಾಂ ಅಯಾನನ್ನು ಮಾತ್ರ ಬಿಡುತ್ತದೆ. ಎಲೆಯ ಕಷಾಯದ ಕಣವನ್ನು ಇದ್ದಿಲಿಗೆ ಹಚ್ಚಿ ಫಿಲ್ಟರ್ ಎನ್ನುವ ಮುನ್ನ ಈ ಅಂಕಿಯನ್ನು ಎದುರಿಗೆ ಇಟ್ಟುಕೊಳ್ಳಿ. ಕಷಾಯದ ಸಾವಯವ ವಸ್ತು ನೀರಿಗೆ ಸೋರಿದರೆ ಬ್ಯಾಕ್ಟೀರಿಯಾಕ್ಕೆ ಅದೇ ಊಟ.

ಕುಡಿಯುವ ಔಷಧವಾಗಿ ಮೂರರಲ್ಲಿ ಯಾವುದೂ ಬೇಡ. ಕುಡಿದ ಬೆಳ್ಳಿ ಚರ್ಮದಲ್ಲಿ ಕೂತು ಮೈಯನ್ನು ನೀಲಿ-ಬೂದು ಮಾಡುತ್ತದೆ, ಆರ್ಜೀರಿಯಾ ಎನ್ನುವ ಈ ಬಣ್ಣ ಹೋಗುವುದಿಲ್ಲ. ಅಮೆರಿಕದ ಔಷಧ ನಿಯಂತ್ರಣ ಸಂಸ್ಥೆ ಎಫ್‌ಡಿಎ 1999ರಲ್ಲೇ ಚೀಟಿಯಿಲ್ಲದೆ ಮಾರುವ ಕೊಲಾಯ್ಡಲ್ ಸಿಲ್ವರ್ (ಬೆಳ್ಳಿ ಕಣ ತೇಲುವ ದ್ರಾವಣ) ಔಷಧಗಳು ಸುರಕ್ಷಿತವೂ ಪರಿಣಾಮಕಾರಿಯೂ ಎಂದು ಒಪ್ಪಲಾಗದು ಎಂದಿತು.

ಉಳಿದ ದ್ರಾವಣವನ್ನು ಸಿಂಕಿಗೆ ಸುರಿಯಬೇಡಿ, ಒಳಚರಂಡಿ ನೀರನ್ನು ಶುದ್ಧ ಮಾಡುವ ಬ್ಯಾಕ್ಟೀರಿಯಾವೂ ಬ್ಯಾಕ್ಟೀರಿಯಾವೇ. ಅಯಾನು ಇರುವ ತಿಳಿಗೆ ಅಡುಗೆ ಉಪ್ಪು ಹಾಕಿ, ಒಂದು ರಾತ್ರಿ ಬಿಟ್ಟು, ಕೂತ ಬಿಳಿ ಸಿಲ್ವರ್ ಕ್ಲೋರೈಡನ್ನು ಕಂದು ಬಾಟಲಿಯಲ್ಲಿ ಒಟ್ಟುಮಾಡಿ. ಆ ಬಾಟಲಿಯ ಹತ್ತಿರ ಅಮೋನಿಯಾ ಮಾತ್ರ ಬರದಿರಲಿ: ಬೆಳ್ಳಿ ಮತ್ತು ಅಮೋನಿಯಾದ ಹಳೆಯ ಮಿಶ್ರಣ ಮುಟ್ಟಿದರೆ ಸಿಡಿಯುವ ವಸ್ತುವಾಗಿ ಮಾರ್ಪಡಬಹುದು.